ಕುಸಿದ ಬರೆಯ ಮೇಲೆ ಕಾಡುಹೂವು

2018ರ ಆಗಸ್ಟ್ ಮಳೆಗೆ ನಮ್ಮ ಮನೆಯ ಹಿಂದಿನ ಬರೆ ಜರಿಯಿತು. ಮನೆ ಕಟ್ಟಲು ಇಳಿಜಾರನ್ನು ಕಡಿದಾಗ ಹಿಂಬದಿಗೆ ನಿಲ್ಲುವ ಮಣ್ಣಿನ ಗೋಡೆಗೆ ಕೊಡಗಿನಲ್ಲಿ ಬರೆ ಎನ್ನುತ್ತೇವೆ. ಆ ವರ್ಷ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದವು. ಅದರ ಮುಂದೆ ನಮ್ಮದು ಏನೂ ಅಲ್ಲ. ಅಡುಗೆಮನೆಯ ಗೋಡೆಗೆ ಎರಡು ಮಾರು ದೂರದಲ್ಲಿ ಮಣ್ಣು ನಿಂತಿತು. ಮಳೆ ಬಿಟ್ಟ ಮೇಲೆ ನೋಡಿದರೆ ಹದಿನೈದು ಅಡಿ ಎತ್ತರದ ಕೆಂಪು ಮಣ್ಣು, ಹೆಸರಿಗೊಂದು ಹುಲ್ಲುಕಡ್ಡಿಯೂ ಇಲ್ಲ.

ಬುಡಕ್ಕೆ ಕಲ್ಲು ಕಟ್ಟಿಸಿದೆವು, ಮೇಲೆ ಅಡ್ಡಸಾಲಿನಲ್ಲಿ ಲಾವಂಚ ನೆಟ್ಟೆವು. ಬರೆಯನ್ನು ಹಿಡಿದಿರುವುದು ಅವೆರಡೇ. ಹೂವಿನ ಗಿಡ ನೆಟ್ಟರೆ ಕುಸಿತ ನಿಲ್ಲುತ್ತದೆ ಎಂದು ಯಾರೂ ನಂಬಿ ಕೂರಬಾರದು. ಆದರೆ ಲಾವಂಚದ ಸಾಲುಗಳ ನಡುವೆ ಮಣ್ಣು ಬೋಳಾಗಿಯೇ ಉಳಿದು, ಪ್ರತಿ ಮಳೆಗೂ ಕೆಂಪು ನೀರು ಅಂಗಳಕ್ಕೆ ಇಳಿಯುತ್ತಿತ್ತು. ಆ ಬೋಳನ್ನು ಮುಚ್ಚಲು ಹೊರಟವನು ಕಾಡುಹೂವಿನ ಬೀಜ ಬಿತ್ತುವುದನ್ನು ಕಲಿತೆ. ಕಲಿತದ್ದನ್ನು, ಕೆಟ್ಟದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಸುಂಟಿಕೊಪ್ಪದ ಹತ್ತಿರದ ಹವೆಗೆ ಇದು ಸರಿ. ಭಾಗಮಂಡಲದ ಕಡೆಯವರಿಗೆ ಮಳೆ ಇದಕ್ಕಿಂತ ಬಹಳ ಹೆಚ್ಚು, ಕುಶಾಲನಗರದವರಿಗೆ ಬಹಳ ಕಡಿಮೆ. ಅವರು ದಿನಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬೇಕು.

ಮೊದಲ ವರ್ಷ ಪೊಟ್ಟಣದ ಬೀಜ ತರಿಸಿದ್ದೆ. ಮೇಲೆ ‘ಕಾಡುಹೂವಿನ ಮಿಶ್ರಣ’ ಎಂದು ಅಚ್ಚಾಗಿತ್ತು, ಚಿತ್ರದಲ್ಲಿ ಕೆಂಪು ಗಸಗಸೆ ಹೂವು ಮತ್ತು ನೀಲಿ ಕಾರ್ನ್‌ಫ್ಲವರ್. ಅವು ಕಾಡುಹೂವುಗಳೇ ಹೌದು, ಆದರೆ ಯುರೋಪಿನ ಗೋಧಿ ಹೊಲಗಳವು. ಜೂನ್‌ನಲ್ಲಿ ಚೆನ್ನಾಗಿ ಮೊಳೆತವು. ಜುಲೈನಲ್ಲಿ ಬಿಸಿಲು ಕಾಣದ ದಿನಗಳು ಬಂದಾಗ ಬುಡ ಕೊಳೆತು ದಾರದಂತೆ ಮಲಗಿದವು. ಉಳಿದದ್ದು ಕಿತ್ತಳೆ ಬಣ್ಣದ ಕಾಸ್ಮೋಸ್ ಒಂದೇ. ಅದು ಮೆಕ್ಸಿಕೋ ಕಡೆಯದು. ಇಲ್ಲಿ ಅದು ಎಷ್ಟು ಸುಖವಾಗಿ ಬೆಳೆಯಿತೆಂದರೆ ಮರುವರ್ಷ ನಮ್ಮ ಬೇಲಿ ದಾಟಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. ಅದನ್ನು ಕಿತ್ತು ಮುಗಿಸಲು ಎರಡು ವರ್ಷ ಹಿಡಿಯಿತು. ಲಂಟಾನ, ಯುಪಟೋರಿಯಂ, ಮೈಕೇನಿಯಾ ಬಳ್ಳಿ ಇವೆಲ್ಲ ಹೀಗೆ ಹೊರಗಿನಿಂದ ಬಂದು ನಮ್ಮ ಕಾಡಂಚನ್ನು ತಿಂದವು. ಇನ್ನೊಂದನ್ನು ಸೇರಿಸುವ ಕೆಲಸ ನನ್ನ ಕೈಯಿಂದ ಆಗಬಾರದು ಎಂದು ಅಂದೇ ನಿರ್ಧರಿಸಿದೆ.

ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನಾಗಿ 26 ವರ್ಷ ದುಡಿದವನು. ಮಳೆಗಾಲದಲ್ಲೊಮ್ಮೆ, ಮಳೆ ಮುಗಿಯುವಾಗೊಮ್ಮೆ ಕಳೆ ಕೊಚ್ಚಿಸುವುದು, ಎಷ್ಟು ಆಳು ಎಂದು ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಬರೆಯುವುದು ನನ್ನ ಕೆಲಸ. ಪೊಟ್ಟಣದ ಹೂವು ಕೊಳೆತ ಆ ವರ್ಷವೇ, ಒಂದು ಬೆಳಿಗ್ಗೆ, ಕಳೆ ಕೊಚ್ಚುತ್ತಿದ್ದ ಹಿರಿಯ ಅಕ್ಕ ಒಬ್ಬರು ಕತ್ತಿ ತಡೆದು ನಿಂತು, “ರೈಟರೇ, ಇದನ್ನು ಬಿಟ್ಟುಬಿಡಲೇ? ಗೌರಿ ಹೂವು. ಹಬ್ಬಕ್ಕೆ ಮಕ್ಕಳು ಹುಡುಕಿಕೊಂಡು ಬರುತ್ತಾರೆ” ಎಂದು ಕೇಳಿದರು. ಕಾಫಿ ಗಿಡಕ್ಕೆ ಹಬ್ಬಿ, ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು, ಬೆಂಕಿಯ ನಾಲಿಗೆಯಂತಹ ಆರು ಎಸಳು ಮೇಲಕ್ಕೆತ್ತಿ ಅದು ನಿಂತಿತ್ತು. ಬಿಡಿ ಎಂದೆ. ಸಂಜೆ ಪುಸ್ತಕ ತೆರೆದಾಗ ‘ಕಳೆ’ ಎಂಬ ಆ ಎರಡಕ್ಷರದೊಳಗೆ ಇಷ್ಟು ವರ್ಷ ಏನೇನೆಲ್ಲ ಬರೆದುಹಾಕಿದೆ ಎಂದು ಸಂಕಟವಾಯಿತು. ಬೀಜಕ್ಕಾಗಿ ಪೇಟೆಗೆ ಹೋಗಬೇಕಾಗಿಯೇ ಇರಲಿಲ್ಲ.

ಆದ್ದರಿಂದ ಮೊದಲ ವರ್ಷ ಬಿತ್ತಬೇಡಿ, ನೋಡಿ. ನಿಮ್ಮ ಮನೆಯ ಒಂದೆರಡು ಕಿಲೋಮೀಟರಿನೊಳಗೆ ರಸ್ತೆಯ ಬರೆ, ಗದ್ದೆಯ ಏರಿ, ತೋಡಿನ ದಂಡೆ, ತೋಟದ ಬೇಲಿ ಎಲ್ಲೆಲ್ಲಿ ಏನು ಹೂ ಬಿಡುತ್ತದೆ, ಬಿಸಿಲಿನಲ್ಲೋ ನೆರಳಿನಲ್ಲೋ, ಒಸರು ನೀರಿನಲ್ಲೋ ಒಣ ಮಣ್ಣಿನಲ್ಲೋ, ಕಾಯಿ ಯಾವಾಗ ಬಲಿಯುತ್ತದೆ ಎಂದು ಬರೆದಿಡಿ. ನಾನು ಹಳೆಯ ಚೆಕ್‌ರೋಲ್ ಪುಸ್ತಕದ ಉಳಿದ ಹಾಳೆಗಳಲ್ಲೇ ಬರೆದೆ. ಹೂ ಬಿಟ್ಟಾಗ ಗಿಡಕ್ಕೆ ಒಂದು ಬಣ್ಣದ ನೂಲು ಕಟ್ಟಿಬರಬೇಕು. ಡಿಸೆಂಬರ್‌ನಲ್ಲಿ ಎಲ್ಲವೂ ಒಣಗಿ ಒಂದೇ ಬಣ್ಣಕ್ಕೆ ತಿರುಗಿದಾಗ ಯಾವುದು ಯಾವುದೆಂದು ಹೇಳುವುದು ಆ ನೂಲೊಂದೇ.

ಬೀಜ ತೆಗೆಯುವಾಗ ಒಂದು ಗಿಡದಲ್ಲಿ ಹತ್ತು ಕಾಯಿ ಇದ್ದರೆ ಒಂದು ತೆಗೆಯುತ್ತೇನೆ. ಒಂದೇ ಗಿಡ ಇರುವ ಜಾಗದಲ್ಲಿ ಮುಟ್ಟುವುದಿಲ್ಲ. ಇನ್ನೊಬ್ಬರ ತೋಟವಾದರೆ ಕೇಳಿ ತೆಗೆಯಬೇಕು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳ ಒಳಗಿನಿಂದ ಒಂದು ಬೀಜವನ್ನೂ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ನಿಲ್ಲುತ್ತದೆ, ನಿಲ್ಲಲೂ ಬೇಕು. 2021ರಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದಲ್ಲಿ ಕುರಿಂಜಿ ಅರಳಿ ಬೆಟ್ಟಕ್ಕೆ ಬೆಟ್ಟವೇ ನೀಲಿಯಾದಾಗ ಅದರ ಬೀಜ ಸಿಗಬಹುದೇ ಎಂದು ಕೇಳಿದವರು ಹಲವರು. ಆ ಕುರಿಂಜಿ ಹಲವು ವರ್ಷಕ್ಕೊಮ್ಮೆ ಒಟ್ಟಾಗಿ ಹೂ ಬಿಟ್ಟು, ಬೀಜ ಚೆಲ್ಲಿ, ಸಾಯುತ್ತದೆ. ಮುಂದಿನ ತಲೆಮಾರಿಗೆ ಅದು ಬಿಟ್ಟುಹೋಗುವುದು ಆ ಬೀಜವನ್ನಷ್ಟೇ. ಅದಕ್ಕೆ ಕೈ ಹಾಕಬೇಡಿ. ಮರದ ಮೇಲಿನ ಸೀತಾಳೆ ದಂಡೆ ಎಂಬ ಆರ್ಕಿಡನ್ನೂ ಬಿಟ್ಟುಬಿಡಿ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ತನಗೆ ಹೊಂದುವ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಮನೆಯಂಗಳದಲ್ಲಿ ಅದು ಆಗುವ ಕೆಲಸವಲ್ಲ.

ಈಗ ಮಣ್ಣಿನ ಮಾತು. ನನ್ನ ದೊಡ್ಡ ತಪ್ಪು ಆದದ್ದು ಇಲ್ಲಿಯೇ. ಕಾಫಿ ನರ್ಸರಿಗೆ ನಾವು ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ಚೀಲ ತುಂಬುತ್ತೇವೆ. ಕೈಗೆ ಬಂದ ಆ ಅಭ್ಯಾಸದಲ್ಲೇ ಕಾಡುಹೂವಿಗೂ ಬೆರೆಸಿದೆ. ಗಿಡಗಳು ಸೊಂಟದೆತ್ತರ ಸೊಪ್ಪು ಬಿಟ್ಟು, ಮೊದಲ ಗಾಳಿಗೆ ಮಗುಚಿಕೊಂಡವು, ಹೂವು ಬೆರಳೆಣಿಕೆಯಷ್ಟು. ಜೊತೆಗೆ ಗೊಬ್ಬರದ ರುಚಿ ಕಂಡ ಹುಲ್ಲು ಎಲ್ಲವನ್ನೂ ನುಂಗಿತು. ಬರೆಯ ಮೇಲೆ, ಗೊಬ್ಬರದ ವಾಸನೆಯೂ ಇಲ್ಲದ ಕೆಂಪು ಮಣ್ಣಿನಲ್ಲಿ, ಬೀಜ ತಾನಾಗಿ ಬಿದ್ದು ಹುಟ್ಟಿದ ನಾಲ್ಕು ಗಿಡ ಮಾತ್ರ ಗೇಣುದ್ದಕ್ಕೆ ನಿಂತು ತುಂಬಾ ಹೂ ಬಿಟ್ಟಿದ್ದವು. ಅಂದಿನಿಂದ ಗೊಬ್ಬರ ನಿಲ್ಲಿಸಿದೆ. ಕುಂಡವಾದರೆ ಅರ್ಧ ಕೆಂಪು ಮಣ್ಣು, ಅರ್ಧ ಮರಳು, ಅಷ್ಟೇ. ಸುಣ್ಣವನ್ನೂ ಹಾಕಬಾರದು. ನಮ್ಮ ಮಣ್ಣು ಹುಳಿ ಮಣ್ಣು; ಕಾಫಿಗೆ ಅದು ಅತಿಯಾಯಿತು ಎಂದು ತೋಟಕ್ಕೆ ಸುಣ್ಣ ಚೆಲ್ಲಿಸುತ್ತೇವೆ. ಆದರೆ ನೆಕ್ಕರೆಯಂತಹ ಕಾಡುಪೊದೆ ಹುಟ್ಟಿರುವುದೇ ಹುಳಿ ಮಣ್ಣಿಗೆ.

ಬಿತ್ತುವ ಜಾಗವನ್ನು ಮಾರ್ಚ್‌ನಿಂದಲೇ ಸಿದ್ಧ ಮಾಡಬೇಕು. ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಕೂಡಲೇ ಮಣ್ಣಿನಲ್ಲಿ ಮಲಗಿದ್ದ ಹುಲ್ಲು, ಕಳೆ ಎಲ್ಲ ಏಳುತ್ತವೆ. ಏಳಲಿ. ಎರಡು ಎಲೆ ಆದಾಗ ಗುದ್ದಲಿಯ ಅಂಚಿನಿಂದ ಮೇಲ್ಮೇಲೆ ಹೆರೆದುಬಿಡಿ. ಆಳಕ್ಕೆ ಅಗೆಯಬಾರದು, ಅಗೆದರೆ ಕೆಳಗಿನ ಬೀಜ ಮತ್ತೆ ಮೇಲೆ ಬರುತ್ತದೆ. ಏಪ್ರಿಲ್ ಮಳೆಗೆ ಇನ್ನೊಮ್ಮೆ ಹಾಗೆಯೇ. ಎರಡು ಸಲ ಹೆರೆದ ನೆಲದಲ್ಲಿ ಮೇ ತಿಂಗಳ ನಡುವಿಗೆ ಬಿತ್ತಿದರೆ ನಿಮ್ಮ ಬೀಜಕ್ಕೆ ಪೈಪೋಟಿ ಕಡಿಮೆ.

ಇಳಿಜಾರಾದರೆ ಬೀಜಕ್ಕಿಂತ ಮೊದಲು ನೀರಿನ ದಾರಿ ನೋಡಬೇಕು. ತೋಟದಲ್ಲಿ ಇಳಿಜಾರಿಗೆ ಅಡ್ಡಲಾಗಿ ನೀರು ಹಿಡಿಯುವ ತೊಟ್ಟಿಲು ಗುಂಡಿ ತೆಗೆಯುತ್ತೇವಲ್ಲ, ಅದೇ ರೀತಿ ಇಲ್ಲಿ ಅಂಗೈ ಅಗಲದ ಪುಟ್ಟ ಗುಳಿಗಳು, ಒಂದರ ಕೆಳಗೆ ಒಂದು ಬರದಂತೆ ಓರೆಯಾಗಿ. ಒಂದು ಹಿಡಿ ಬೀಜಕ್ಕೆ ಹತ್ತು ಹಿಡಿ ಒಣ ಮರಳು ಬೆರೆಸಿ ಚೆಲ್ಲುತ್ತೇನೆ. ಕೆಂಪು ಮಣ್ಣಿನ ಮೇಲೆ ಬಿಳಿ ಮರಳು ಎಲ್ಲಿ ಬಿತ್ತಾಯಿತು, ಎಲ್ಲಿ ಬಾಕಿ ಎಂದು ತೋರಿಸುತ್ತದೆ. ಆಮೇಲೆ ಅಂಗೈಯಿಂದ ಒತ್ತಬೇಕು. ಮೇಲೆ ಜರಿಗಿಡದ ಗರಿಗಳನ್ನು ತೆಳುವಾಗಿ ಹರಡಿ, ಬಿದಿರಿನ ಕಡ್ಡಿಯಿಂದ ಸಿಕ್ಕಿಸಿದರೆ ಹೊಡೆಯುವ ಮಳೆಯ ಏಟು ತಪ್ಪುತ್ತದೆ. ಮೊಳಕೆ ಕಂಡ ಮೂರನೆಯ ದಿನ ಗರಿ ತೆಗೆಯಬೇಕು. ಒಂದು ವರ್ಷ ಮರೆತೆ; ಕೆಳಗೆ ಎಲ್ಲವೂ ಬಿಳಿಚಿಕೊಂಡು ಸತ್ತಿದ್ದವು.

ಬೀಜಗಳ ಸ್ವಭಾವ ಒಂದೊಂದೂ ಬೇರೆ. ನನಗೆ ಚೆನ್ನಾಗಿ ಒಲಿದ ನಾಲ್ಕನ್ನು ಹೇಳುತ್ತೇನೆ.

ಕರ್ಣಕುಂಡಲ ಎಲ್ಲಕ್ಕಿಂತ ಸುಲಭ. ಮನೆಯ ತೋಟದ ಮುದ್ದೆ ಹೂವಿನದಲ್ಲ, ತೋಡಿನ ದಂಡೆಯಲ್ಲಿ ಒಂಟಿ ಸುತ್ತಿನ ಗುಲಾಬಿ ಹೂ ಬಿಡುವ ಕಾಡಿನದು. ಅದರ ಕಾಯಿ ಬಲಿತರೆ ಮುಟ್ಟಿದ ಕೂಡಲೇ ಸಿಡಿದು ಬೀಜವನ್ನು ಆಚೆಗೆ ಎಸೆಯುತ್ತದೆ, ಕೈಗೆ ಒಂದೂ ಸಿಗುವುದಿಲ್ಲ. ಕಾಯಿ ದಪ್ಪಗಾಗಿ ಹಸಿರು ತಿಳಿಯಾಗುತ್ತಿದ್ದಂತೆ ತೆಳು ಬಟ್ಟೆಯ ಚೀಲವನ್ನು ಕೊಂಬೆಗೇ ಕಟ್ಟಿಬಿಡಿ. ನಾಲ್ಕೈದು ದಿನದಲ್ಲಿ ಅದು ಚೀಲದೊಳಗೇ ಸಿಡಿದಿರುತ್ತದೆ. ಬೀಜವನ್ನು ಮಣ್ಣಿನ ಮೇಲೆಯೇ ಉದುರಿಸಿ ಒತ್ತಿದರೆ ಸಾಕು. ಎರಡು ವಾರದೊಳಗೆ ಮೊಳೆಯುತ್ತದೆ. ಅರೆನೆರಳು, ಒಸರು ಇರುವ ಜಾಗ ಅದಕ್ಕೆ ಇಷ್ಟ. ನಮ್ಮ ಬರೆಯ ಬಲಮೂಲೆಯಲ್ಲಿ ನವೆಂಬರ್‌ವರೆಗೂ ನೀರು ಜಿನುಗುತ್ತದೆ. ಅಲ್ಲಿ ಬಿಟ್ಟು ಬೇರೆಲ್ಲಿ ಹಾಕಿದರೂ ಅದು ಬಾಡಿತು.

ಬಿಸಿಲು ಬೀಳುವ ಒಣ ಭಾಗಕ್ಕೆ ಗಿಜಿಗಿಜಿ. ಹಳದಿ ಹೂವಿನ ಕ್ರೋಟಲೇರಿಯಾ. ಒಣ ಕಾಯಿ ಅಲುಗಿಸಿದರೆ ಒಳಗೆ ಬೀಜ ಗಿಲಕಿಯಂತೆ ಸದ್ದು ಮಾಡುತ್ತದೆ. ಆ ಸದ್ದು ಬಂದ ದಿನವೇ ಬೀಜ ತೆಗೆಯುವ ದಿನ, ನಮ್ಮಲ್ಲಿ ಹೆಚ್ಚುಕಡಿಮೆ ಸುಗ್ಗಿಯ ಹಬ್ಬ ಪುತ್ತರಿಯಿಂದ ಸಂಕ್ರಾಂತಿಯ ನಡುವೆ. ದ್ವಿದಳ ಜಾತಿಯಾದ್ದರಿಂದ ಬೀಜದ ಸಿಪ್ಪೆ ಗಟ್ಟಿ, ಹಾಗೆಯೇ ಬಿತ್ತಿದರೆ ಹತ್ತರಲ್ಲಿ ಎರಡು ಈ ವರ್ಷ ಮೊಳೆತರೆ ಉಳಿದವು ಯಾವಾಗಲೋ. ನೀರನ್ನು ಕುದಿಸಿ ಒಲೆಯಿಂದ ಇಳಿಸಿ, ಐದು ನಿಮಿಷ ಬಿಟ್ಟು ಬೀಜ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಅಂದೇ ಬಿತ್ತಬೇಕು. ಉಬ್ಬದಿದ್ದವನ್ನು ಮರಳು ಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಮತ್ತೆ ನೆನೆಸಿ. ಎಲ್ಲವನ್ನೂ ಹೀಗೆ ಮಾಡಬೇಡಿ. ಕಾಲು ಭಾಗವನ್ನು ನೆನೆಸದೆಯೇ ಚೆಲ್ಲಿ. ಜೂನ್ ಮಳೆ ಕೈಕೊಟ್ಟ ವರ್ಷ ಎಲ್ಲ ಮೊಳಕೆ ಒಣಗಿದರೂ, ಸಿಪ್ಪೆ ಗಟ್ಟಿ ಇದ್ದವು ಮಣ್ಣಿನಲ್ಲಿ ಕಾಯುತ್ತಿರುತ್ತವೆ. ಸಿಪ್ಪೆ ಗಟ್ಟಿ ಇಟ್ಟುಕೊಂಡು ಗಿಡ ಮಾಡುವ ಲೆಕ್ಕಾಚಾರವೇ ಅದು. ನಾವು ಪೂರ್ತಿ ಕೆಡಿಸಬಾರದು. ಈ ಗಿಡಕ್ಕೆ ನೀಲಿ ಪಟ್ಟೆಯ ಚಿಟ್ಟೆಗಳು ಗುಂಪುಗುಂಪಾಗಿ ಬಂದು ಕೂರುತ್ತವೆ, ಹೂವಿಗಲ್ಲ, ಒಣಗಿದ ಎಲೆ ಕಾಯಿಗಳ ರಸಕ್ಕೆ. ಆ ರಸದಲ್ಲಿರುವ ಕಹಿ ವಿಷ ಮೈಗೇರಿದರೆ ಹಕ್ಕಿಗಳು ಅವನ್ನು ತಿನ್ನಲು ಹಿಂಜರಿಯುತ್ತವೆ. ಗಂಡು ಚಿಟ್ಟೆ ಹೆಣ್ಣನ್ನು ಸೆಳೆಯುವ ಪರಿಮಳವನ್ನೂ ಅದರಿಂದಲೇ ಮಾಡಿಕೊಳ್ಳುತ್ತದೆ. ಹಸುಗಳಿಗೆ ಅದೇ ವಿಷ ಅಪಾಯ. ಕೊಟ್ಟಿಗೆಯ ಕಡೆಗೆ, ಹುಲ್ಲು ಕೊಯ್ಯುವ ಜಾಗಕ್ಕೆ ಹಾಕಬೇಡಿ.

ನೆಕ್ಕರೆಯನ್ನು ಬೀಜದಿಂದ ಎಬ್ಬಿಸುವುದು ಕಣ್ಣಿಗೂ ತಾಳ್ಮೆಗೂ ಪರೀಕ್ಷೆ. ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಳ್ಳದ ಮಕ್ಕಳು ನಮ್ಮ ಊರಿನಲ್ಲಿ ಇರಲಿಲ್ಲ. ಬಿರಿದ ಹಣ್ಣನ್ನು ಲೋಟದ ನೀರಿನಲ್ಲಿ ಹಿಚುಕಿ, ಚಹಾ ಸೋಸುವ ಜರಡಿಯಲ್ಲಿ ತಿರುಳು ತೆಗೆದು, ತಳದಲ್ಲಿ ನಿಂತ ಬೀಜವನ್ನು ಕಾಗದದ ಮೇಲೆ ನೆರಳಲ್ಲಿ ಒಣಗಿಸಬೇಕು. ರವೆಗಿಂತ ಸಣ್ಣದು. ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ ಜರಡಿ ಹಿಡಿದ ಕೆಂಪು ಮಣ್ಣು ತುಂಬಿ, ಮೇಲೆ ಉದುರಿಸಿ. ಮುಚ್ಚಬೇಡಿ, ಬೆಳಕು ಬೇಕು. ಮೇಲಿನಿಂದ ನೀರು ಹಾಕಿದರೆ ಬೀಜ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ, ಆದ್ದರಿಂದ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಹೀರಲು ಬಿಡಿ. ಬಾಯಿಗೆ ಒಂದು ಗಾಜು. ಮೊದಲು ಹಸಿರು ಪಾಚಿಯಂತೆ ಕಾಣುತ್ತದೆ. ಪಾಚಿ ಎಂದೇ ತಿಳಿದು ಒಮ್ಮೆ ಕೆರೆದು ಎಸೆದಿದ್ದೇನೆ. ಆರು ಎಲೆಯಾಗುವವರೆಗೆ ಕೈ ಹಾಕಬಾರದು. ಮುಂದಿನ ಮಳೆಗಾಲಕ್ಕೆ ಬರೆಗೆ. ಮೂರು ವರ್ಷದಲ್ಲಿ ಎದೆಯೆತ್ತರದ ಪೊದೆ, ನೇರಳೆ ಹೂವು. ಕಪ್ಪು ದುಂಬಿ ಬಂದು ಹೂವನ್ನು ಅಪ್ಪಿಹಿಡಿದು ಮೈ ನಡುಗಿಸುವ ಸದ್ದು ಅಡುಗೆಮನೆಯ ಕಿಟಕಿಗೆ ಕೇಳುತ್ತದೆ. ಆ ನಡುಕಕ್ಕೆ ಮಾತ್ರ ನೆಕ್ಕರೆ ತನ್ನ ಪರಾಗ ಬಿಡುತ್ತದೆ.

ನಾಲ್ಕನೆಯದು ಅಕ್ಕ ಉಳಿಸಿದ ಗೌರಿ ಹೂವು. ಕೊಡವರು ತೋಕ್ ಪೂ ಎನ್ನುತ್ತಾರೆ. ತೋಕ್ ಎಂದರೆ ಕೋವಿ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಿಂಗರಿಸುವ ಹೂವು ಇದು. ಡಿಸೆಂಬರ್ ಹೊತ್ತಿಗೆ ಕಾಯಿ ಬಿರಿದು ಕೆಂಪು ಬೀಜ ಕಾಣುತ್ತದೆ. ಎರಡು ದಿನ ನೀರಿನಲ್ಲಿಟ್ಟು ಆ ಕೆಂಪು ಸಿಪ್ಪೆಯನ್ನು ಉಜ್ಜಿ ತೆಗೆದು, ಒಂದಡಿ ಆಳದ ಕುಂಡದಲ್ಲಿ ಅರ್ಧ ಇಂಚು ಕೆಳಗೆ ಹಾಕಿ. ಕೈಗೆ ಕೈಗವಸು ಇರಲಿ. ಬೀಜದಿಂದ ಗೆಡ್ಡೆಯವರೆಗೆ ಇದು ಇಡೀ ಗಿಡವೇ ವಿಷ. ಅದರಲ್ಲಿರುವ ಕಾಲ್ಚಿಸಿನ್ ಜೀವ ತೆಗೆಯಬಲ್ಲದು. ಕುಂಡವನ್ನು ಮಕ್ಕಳಿಗೆ, ನಾಯಿಗೆ ಸಿಗದ ಕಡೆ ಇಡಬೇಕು. ಸಣ್ಣ ಮಕ್ಕಳಿರುವ ಮನೆಯವರು ಬೆಳೆಸದಿರುವುದೇ ಒಳ್ಳೆಯದು. ಕೆಲವು ಬೀಜ ಒಂದೆರಡು ತಿಂಗಳಿಗೆ ಮೊಳೆತರೆ ಕೆಲವು ಮುಂದಿನ ಮಳೆಗೆ. ಮೊದಲ ವರ್ಷ ಹುಲ್ಲಿನಂತಹ ಎಲೆ ಬಂದು ಒಣಗಿಹೋಗುತ್ತದೆ. ಸತ್ತಿತು ಎಂದು ಕುಂಡ ಬರಿದು ಮಾಡಬೇಡಿ, ಕೆಳಗೆ ಬೆರಳ ತುದಿಯಷ್ಟು ಗೆಡ್ಡೆ ಇರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಬೇಡ, ಮಲಗಲಿ. ನನ್ನದು ಹೂ ಬಿಟ್ಟದ್ದು ನಾಲ್ಕನೆಯ ಮಳೆಗಾಲದಲ್ಲಿ. ಅದರ ಮೊದಲ ಹೂವನ್ನು ಕೊಯ್ದು ಆ ಅಕ್ಕನ ಮನೆಗೆ ಕೊಟ್ಟು ಬಂದೆ.

ಬೀಜ ಕಾಪಾಡುವುದು ಕೊಡಗಿನಲ್ಲಿ ಬಿತ್ತುವುದಕ್ಕಿಂತ ಕಷ್ಟ. ಜುಲೈ ತೇವಕ್ಕೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಆದ್ದರಿಂದ ಬೀಜವನ್ನು ಮಳೆಗಾಲ ದಾಟಿಸುವ ಆಸೆಯೇ ಬೇಡ. ಡಿಸೆಂಬರ್‌ನಲ್ಲಿ ತೆಗೆದದ್ದು ಮೇ ತಿಂಗಳಲ್ಲಿ ಮಣ್ಣು ಸೇರಬೇಕು. ಕಾಫಿ ಕಣದ ಸಿಮೆಂಟಿನ ಮೇಲೆ ಒಣಗಿಸಬೇಡಿ, ಕಾವಿಗೆ ಬೀಜ ಬೇಯುತ್ತದೆ. ನೆರಳಿನಲ್ಲಿ ಒಂದು ವಾರ, ಆಮೇಲೆ ಕಾಗದದ ಪೊಟ್ಟಣ, ಪೊಟ್ಟಣಗಳೆಲ್ಲ ಒಂದು ಗಾಜಿನ ಭರಣಿಯಲ್ಲಿ, ತಳಕ್ಕೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿ. ಹೆಸರನ್ನು ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಹರಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಎರಡೇ. ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಹೆಕ್ಕುವುದು. ಒಂದು ರಾತ್ರಿ ತಪ್ಪಿದರೂ ಕರ್ಣಕುಂಡಲದ ಸಾಲು ಇರುವುದಿಲ್ಲ. ಮತ್ತೆ, ಮೈಕೇನಿಯಾ, ಯುಪಟೋರಿಯಂ ಸಸಿ ಕಂಡಲ್ಲಿ ಬೇರುಸಹಿತ ಕೀಳುವುದು. ಯಾವುದು ಯಾವುದರ ಸಸಿ ಎಂದು ತಿಳಿಯದಿದ್ದರೆ ಪ್ರತಿ ಜಾತಿಯ ಹತ್ತು ಬೀಜವನ್ನು ಬೇರೆ ಬೇರೆ ಕುಂಡದಲ್ಲಿ ಹಾಕಿಟ್ಟುಕೊಳ್ಳಿ, ಅದನ್ನು ನೋಡಿ ಇದನ್ನು ಗುರುತಿಸಬಹುದು.

ಇದರ ಫಲವನ್ನು ನಾನು ಕಂಡದ್ದು ಜೇನಿನಲ್ಲಿ. ನಮ್ಮದು ರೊಬಸ್ಟಾ ತೋಟ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿಯೋ ಜೇನೋ ಬೇರೆ ಗಿಡದ್ದನ್ನು ತರಬೇಕು. ಆದರೆ ಕಾಫಿ ಅರಳಿ ಬಾಡುವುದು ಕೆಲವೇ ದಿನದಲ್ಲಿ. ವರ್ಷದ ಉಳಿದ ದಿನ ತುಡುವೆ ಜೇನು ಏನು ತಿನ್ನಬೇಕು? ಬರೆ ಹೂವಾದ ಮೂರನೆಯ ವರ್ಷ ಕಲ್ಲುಕಟ್ಟಣೆಯ ಸಂದಿಯಲ್ಲಿ ತುಡುವೆಯ ಒಂದು ಕುಟುಂಬ ಬಂದು ಕೂತಿತು. ಈಗಲೂ ಇದೆ. ತೆಗೆದಿಲ್ಲ.

ಹೂವು ಮುಗಿದ ಮೇಲೆ ಒಣಗಿದ ಗಿಡ ನೋಡಲು ಚೆಂದವಿರುವುದಿಲ್ಲ, ಮನೆಗೆ ಬಂದವರು ಯಾಕೆ ಹೀಗೆ ಕಾಡು ಬಿಟ್ಟಿದ್ದೀರಿ ಎನ್ನುತ್ತಾರೆ. ಜನವರಿ ಕೊನೆಯವರೆಗೆ ಕತ್ತಿ ಹಾಕಬೇಡಿ. ಗಿಜಿಗಿಜಿ ಪೂರ್ತಿ ಸದ್ದು ಮಾಡಿ, ಕಾಯಿ ಬಾಯಿಬಿಟ್ಟ ಮೇಲೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯುತ್ತೇನೆ. ಕೊಯ್ದ ಹೊರೆಯನ್ನು ಗೊಬ್ಬರದ ಗುಂಡಿಗೆ ಹಾಕುವುದಿಲ್ಲ. ಬರೆಯ ಮೇಲಿನ ಅಂಚಿಗೆ ಹೊತ್ತುಕೊಂಡು ಹೋಗಿ ಅಲ್ಲಿ ಕೊಡವುತ್ತೇನೆ. ಬೀಜ ಕೆಳಗೆ ಉರುಳಿಕೊಂಡು ಬಂದು ಗುಳಿಗಳಲ್ಲಿ ನಿಲ್ಲುತ್ತದೆ.